ಅಂಗಡಿಯ ಹಿಂದಣ ಮನೆ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟ ಪ್ರಯಾಣಿಕನು ಗೊರಗುಂಟೆಪಾಳ್ಯದ ಬಳಿ ಮೇಲ್ಸೇತುವೆಯನ್ನೇರಿ, ಪೀಣ್ಯದ ಕಾರ್ಖಾನೆಗಳ ನೆತ್ತಿಯ ಮೇಲೆ ಹಾಯ್ದು, ಮತ್ತೆ ನೆಲಕ್ಕಿಳಿದು, ಸುಂಕದ ಕಟ್ಟೆಯನ್ನು ದಾಟಿ, ಕುಣಿಗಲಿನ ದಾರಿ ಕವಲೊಡೆಯುವೆಡೆಯಲ್ಲಿ ಒಂದು ಕ್ಷಣ ವೇಗವನ್ನು ತಗ್ಗಿಸುವಷ್ಟರಲ್ಲಿ ನೆಲಮಂಗಲವು ಅವನ ಹಿಂದಕ್ಕೆ ಸರಿದುಹೋಗಿರುತ್ತದೆ. ಊರನ್ನು ಕಂಡೆನೆಂದು ಅವನು ಹೇಳಿಕೊಂಡರೂ ಅವನು ಕಂಡದ್ದು ದೊಡ್ಡ ದೊಡ್ಡ ಗೋದಾಮುಗಳನ್ನು, ಲಾರಿಗಳ ಸಾಲನ್ನು, ಹೋಟೆಲುಗಳ ಫಲಕಗಳನ್ನು ಮಾತ್ರ. ನಿಜವಾದ ಊರು, ಅಂದರೆ ಪೇಟೆಬೀದಿ, ಅಡೆಪೇಟೆ ಎಂಬ ಹೆಸರುಗಳನ್ನು ಈಗಲೂ ಉಳಿಸಿಕೊಂಡಿರುವ ಹಳೆಯ ಕಸಬೆ, ಹೆದ್ದಾರಿಯಿಂದ ತುಸು ಒಳಗೆ, ತನ್ನ ವ್ಯಾಪಾರದಲ್ಲಿ ತಾನು ಮಗ್ನವಾಗಿ ಕುಳಿತಿದೆ.

ಈ ಊರು ದಾರಿಯಿಂದ ಬೆಳೆದ ಊರು. ವಾಯವ್ಯಕ್ಕೆ ತುಮಕೂರಿನ ದಾರಿ, ಪಶ್ಚಿಮಕ್ಕೆ ಕುಣಿಗಲು ಹಾಸನಗಳ ಮೇಲೆ ಹಾದು ಘಟ್ಟವನ್ನಿಳಿಯುವ ಮಂಗಳೂರಿನ ದಾರಿ, ಈಶಾನ್ಯಕ್ಕೆ ದೊಡ್ಡಬಳ್ಳಾಪುರದ ದಾರಿ. ಇವೆಲ್ಲ ಬೆಂಗಳೂರಿನ ಪೇಟೆಯಿಂದ ಏಳು ಹರದಾರಿಯೊಳಗೇ ಒಂದೆಡೆ ಕೂಡುವುದರಿಂದ, ಎತ್ತಿನ ಗಾಡಿಯ ಕಾಲದಲ್ಲಿ ಒಂದು ದಿನದ ಪಯಣ ಮುಗಿದು ಎತ್ತುಗಳ ಕೊರಳಿನ ನೊಗ ಬಿಚ್ಚುವ ತಾಣವು ಸಹಜವಾಗಿಯೇ ಇದಾಗಿದ್ದಿರಬೇಕು. ಶಿವಗಂಗೆಯ ಬೆಟ್ಟಕ್ಕೆ ಹೊರಟ ಯಾತ್ರಿಕರಿಗೂ ಇದೇ ಹಾದಿ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಹಾಕಿದ ರೈಲುದಾರಿಯು ಸೋಲದೇವನಹಳ್ಳಿ, ದೊಡ್ಡಬೆಲೆಗಳ ಮೇಲೆ ಹಾದು, ಈ ಪೇಟೆಯನ್ನು ಮುಟ್ಟದೆ ಬದಿಗೆ ಬಿಟ್ಟು ಸಾಗಿತು. ಹಾಸನಕ್ಕೆ ಹೋಗುವ ನೇರಮಾರ್ಗವು ನೆಲಮಂಗಲವನ್ನು ಹಾದು ಸಂಪೂರ್ಣವಾಗಿ ತೆರೆದದ್ದು 2017ರಲ್ಲಿ. ಈ ನಡುವಣ ನೂರಮೂವತ್ತು ವರ್ಷಗಳಲ್ಲಿ ಊರಿನ ಭಾಗ್ಯವೆಲ್ಲವೂ ರಸ್ತೆಯನ್ನೇ ನೆಚ್ಚಿಕೊಂಡಿತ್ತು. ಅದೇ ರಸ್ತೆಯು ಇಂದು ಊರಿನ ಹಳೆಯ ಮನೆಗಳ ಮುಖವನ್ನು ಕಳಚುತ್ತಿರುವುದು ಒಂದು ವಿಪರ್ಯಾಸ.

ಈ ಹಳೆಯ ಮನೆಗಳು ಎಂಥವು? ಅರಮನೆಗಳಲ್ಲ, ದಿವಾನರ ಬಂಗಲೆಗಳೂ ಅಲ್ಲ. ನೆಲಮಂಗಲವಾಗಲಿ, ಹೊಸಕೋಟೆಯಾಗಲಿ, ದೇವನಹಳ್ಳಿಯ ಆಚೆಯ ವಿಜಯಪುರವಾಗಲಿ, ನಮ್ಮ ಬಯಲುಸೀಮೆಯ ಕಸಬೆಗಳ ಪೇಟೆಬೀದಿಯಲ್ಲಿ ವರ್ತಕನೊಬ್ಬನು ತನ್ನ ಅಂಗಡಿಯನ್ನೂ ಸಂಸಾರವನ್ನೂ ಒಂದೇ ಚಾವಣಿಯ ಕೆಳಗೆ ಇರಿಸಿಕೊಳ್ಳುವುದಕ್ಕಾಗಿ ಕಟ್ಟಿಕೊಂಡ ಕಟ್ಟಡಗಳು ಅವು. ಬೀದಿಗೆ ಮುಖಮಾಡಿದ ಅಗಲ ಸ್ವಲ್ಪ, ಹಿಂದಕ್ಕೆ ಸಾಗಿದ ಉದ್ದ ಬಹಳ. ಏಕೆಂದರೆ ಪೇಟೆಯಲ್ಲಿ ಬೀದಿಯ ಮುಖವೆಂಬುದೇ ಬೆಲೆಬಾಳುವ ಭಾಗವಾದ್ದರಿಂದ ಪ್ರತಿಯೊಬ್ಬನಿಗೂ ಅದರಲ್ಲಿ ಒಂದಿಷ್ಟು ಪಾಲು ದೊರಕಬೇಕಾಗಿತ್ತು. ಮೊದಲು ಮೊಣಕಾಲೆತ್ತರದ ಕಲ್ಲುಕಟ್ಟಡದ ಜಗುಲಿ. ಅದರ ಮೇಲೆ ಸಾಲಾಗಿ ನಿಂತ ಮರದ ಕಂಬಗಳು, ಅವುಗಳ ತಲೆಯ ಮೇಲೆ ಅಷ್ಟಿಷ್ಟು ಕೆತ್ತನೆಯುಳ್ಳ ಬೋದಿಗೆಗಳು. ಜಗುಲಿಯ ಹಿಂದೆ ಅಂಗಡಿ. ಅಂಗಡಿಗೆ ಕದವೆಂಬುದಿಲ್ಲ. ಹೊಸಿಲಿನಲ್ಲೂ ಮೇಲಿನ ತೊಲೆಯಲ್ಲೂ ಕೊರೆದ ತೋಡಿನೊಳಕ್ಕೆ ಒಂದರ ಪಕ್ಕದಲ್ಲೊಂದನ್ನು ಸರಿಸಿ ನಿಲ್ಲಿಸುವ ಉದ್ದುದ್ದದ ಹಲಗೆಗಳು, ಅನುಕ್ರಮ ತಪ್ಪದಿರಲೆಂದು ಸುಣ್ಣದಿಂದಲೋ ಉಳಿಯಿಂದಲೋ ಅವುಗಳ ಮೇಲೆ ಬರೆದ ಅಂಕಿಗಳು, ಕೊನೆಯ ಹಲಗೆಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಮತ್ತು ಬೀಗ. ಇಳಿಸಿದ ಹಲಗೆಗಳನ್ನು ಜಗುಲಿಯ ಮೇಲೆ ಅಡ್ಡಹಾಕಿದರೆ ಅವೇ ಗಿರಾಕಿಗಳಿಗೆ ಆಸನವಾಗುತ್ತಿದ್ದವು. ರೋಲಿಂಗ್ ಷಟರು ಬಂದಮೇಲೆ ಈ ಹಲಗೆಗಳು ಹೋದವು. ಅವುಗಳ ಜೊತೆಗೆ ಆ ಆಸನವೂ ಹೋಯಿತು.

ಅಂಗಡಿಯ ಒಂದು ಮಗ್ಗುಲಲ್ಲಿ, ಎದುರುಬದುರಾಗಿ ಇಬ್ಬರು ಹಾಯಲಾರದಷ್ಟು ಕಿರಿದಾದ ಓಣಿ. ಅದನ್ನು ದಾಟಿದರೆ ನಡುಮನೆ. ಅನುಕೂಲವಂತರಾದರೆ ಅಲ್ಲಿ ತೊಟ್ಟಿ, ಅಂದರೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ಪಡಸಾಲೆ. ಅಷ್ಟು ಅನುಕೂಲವಿಲ್ಲದವರಿಗೆ ಚಾವಣಿಯಲ್ಲಿ ಒಂದು ಗವಾಕ್ಷಿ. ಒಂದು ಬದಿಗೆ ಅಡಿಗೆಯ ಮನೆ, ದೇವರ ಗೂಡು, ಬಾಣಂತಿಕೋಣೆ. ಹಿಂದೆ ಬಚ್ಚಲು, ಬಾವಿ, ಹಿತ್ತಿಲು, ಹಿತ್ತಿಲ ಬಾಗಿಲಿನಾಚೆ ಗಾಡಿಗಳು ಬಂದು ನಿಲ್ಲುವ ಹಿಂಬೀದಿ. ಅಂಗಡಿಯ ಮೇಲ್ಗಡೆಯ ಅಟ್ಟವು ದಾಸ್ತಾನಿಗೆ. ದಿನಸಿಯ ವರ್ತಕನಾದರೆ ಮನೆಯೊಳಗೋ ಮುಂದಣ ಬಯಲಿನಲ್ಲೋ ರಾಗಿಯನ್ನು ತುಂಬಿಸಿ ಬಾಯಿಗೆ ಚಪ್ಪಡಿ ಮುಚ್ಚಿದ ಹಗೇವು ಇರುತ್ತಿತ್ತು. ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿಯು ಈ ಸೀಮೆಯ ಬರಗಾಲಕ್ಕೆ ವಿಮೆಯಾಗಿತ್ತು, ವರ್ತಕನಿಗೆ ಬಂಡವಾಳವೂ ಆಗಿತ್ತು.

ಕಟ್ಟಿದ ಸಾಮಗ್ರಿಯನ್ನು ನೋಡಿದರೂ ಊರಿನ ಚರಿತ್ರೆ ತಿಳಿಯುತ್ತದೆ. ಅತಿ ಹಳೆಯವು ಮಣ್ಣಿನ ದಪ್ಪ ಗೋಡೆ, ನಾಡಹೆಂಚು. ಹಣವಿದ್ದವರಿಗೆ ಇಟ್ಟಿಗೆ ಮತ್ತು ಸುಣ್ಣದ ಗಾರೆ, ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಗಾರೆಯಿಂದ ಬೆಸೆದ ಮದ್ರಾಸ್ ತಾರಸಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ನಂತರ ಆ ಕೆಂಪು ಹೆಂಚು ಘಟ್ಟವೇರಿ ಬಂದು ನಾಡಹೆಂಚಿನ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಇವೆಲ್ಲದರ ಜೊತೆಗೆ ನಮ್ಮ ಈ ಭಾಗದ ವಿಶೇಷವೆಂದರೆ ಕಲ್ಲು. ಬಂಡೆಯನ್ನು ಬೆಂಕಿಯಿಟ್ಟು ಕಾಯಿಸಿ ಸೀಳಿ ತೆಗೆದ ಉದ್ದನೆಯ ಚಪ್ಪಡಿಗಳನ್ನೇ ಗೋಡೆಯಿಂದ ಗೋಡೆಗೆ ಹಾಸಿ ಚಾವಣಿ ಮಾಡುವ ಪದ್ಧತಿ ದೇವನಹಳ್ಳಿಯ ಕಡೆಯಲ್ಲಂತೂ ಧಾರಾಳವಾಗಿತ್ತು. ಮರ ದುರ್ಲಭವಾದ ಸೀಮೆಯಲ್ಲಿ ಬಂಡೆಯೇ ಕಾಡಾಗಿತ್ತೆಂದರೆ ಸಲ್ಲುತ್ತದೆ.

ಮನೆ ಅಂಗಡಿಗಳ ಈ ಸಾಮೀಪ್ಯದಿಂದ ವ್ಯಾಪಾರದ ಸ್ವರೂಪವೇ ಬೇರೆಯಾಗಿತ್ತು. ಅಪರಾತ್ರಿಯಲ್ಲಿ ಮಗುವಿಗೆ ಹೊಟ್ಟೆನೋವೆಂದು ಓಮಕ್ಕೋ ಬಜೆಗೋ ಬಂದವನು ಹಲಗೆಯನ್ನು ತಟ್ಟಿದರೆ ಒಳಗಿನಿಂದ ದೀಪ ಬರುತ್ತಿತ್ತು. ಶೆಟ್ಟರು ಊಟಕ್ಕೆ ಕುಳಿತಿದ್ದರೆ ಅವರ ಮನೆಯವರೇ ಬಂದು ಪಾವು ಎಣ್ಣೆ ಅಳೆದು ಕೊಡುತ್ತಿದ್ದರು. ಉದ್ರಿಯ ಲೆಕ್ಕವು ಕೆಂಪು ರಟ್ಟಿನ ಪುಸ್ತಕದಲ್ಲಿ ಸುಗ್ಗಿಯವರೆಗೂ ಕಾದಿರುತ್ತಿತ್ತು. ಚಟಾಕು, ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳ ಆ ಲೋಕಕ್ಕೆ 1957ರ ಏಪ್ರಿಲ್ 1ರಂದು ನಯಾಪೈಸೆಯೂ, 1958ರಿಂದ ಹಂತಹಂತವಾಗಿ ಕಿಲೋಗ್ರಾಮೂ ಬಂದವು. ಆದರೂ ಪಾವು ನಮ್ಮ ಅಡಿಗೆಯ ಮನೆಗಳನ್ನು ಬಿಟ್ಟು ಹೋಗಲಿಲ್ಲ. ಹೀಗೆಂದಮಾತ್ರಕ್ಕೆ ಆ ಜಗುಲಿಯ ಮೇಲೆ ಎಲ್ಲರೂ ಸಮಾನರಾಗಿ ಕುಳಿತಿದ್ದರೆಂದು ಬಣ್ಣಿಸುವುದು ಇತಿಹಾಸಕ್ಕೆ ಮಾಡುವ ಅಪಚಾರ. ಯಾರು ಜಗುಲಿಯನ್ನೇರಬಹುದು, ಯಾರು ಬೀದಿಯಲ್ಲೇ ನಿಂತು ಸೆರಗೊಡ್ಡಿ ಸಾಮಾನು ಪಡೆಯಬೇಕು ಎಂಬುದನ್ನು ಜಾತಿಯು ನಿಶ್ಚಯಿಸಿತ್ತು. ಒಳಮನೆಗಳಲ್ಲಿ ಬೆಳಕು ಕಡಮೆ, ಹೊಗೆ ಅಧಿಕ. ಆ ಕತ್ತಲೆಯಲ್ಲಿ ಆಯುಷ್ಯವನ್ನು ಸವೆಯಿಸಿದ ಹೆಂಗಸರನ್ನು ಕೇಳಿದ್ದರೆ ತೊಟ್ಟಿಮನೆಯ ಸೌಂದರ್ಯವನ್ನು ಕುರಿತು ಅವರು ಬೇರೆಯದೇ ಅಭಿಪ್ರಾಯವನ್ನು ಹೇಳುತ್ತಿದ್ದರೇನೋ.

ಈ ಮಾದರಿಯ ಮೂಲವನ್ನು ಹುಡುಕುವವರು ಬೆಂಗಳೂರಿಗೇ ಹೋಗಬೇಕು. 1537ರಲ್ಲಿ ಕೆಂಪೇಗೌಡನು ಸ್ಥಾಪಿಸಿದನೆಂದು ಪರಿಗಣಿತವಾದ ಆ ಪೇಟೆಯಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರಪೇಟೆ ಎಂದು ಕಸುಬಿಗೊಂದು ಬೀದಿಯಾಗಿ, ಬೀದಿಯಲ್ಲೇ ವ್ಯಾಪಾರ, ಬೀದಿಯ ಹಿಂದೆಯೇ ವಾಸ ಎಂಬ ಕ್ರಮ ರೂಢಿಗೊಂಡಿತು. 1898ರ ಪ್ಲೇಗು ಆ ಇಕ್ಕಟ್ಟಿನ ಪೇಟೆಯನ್ನು ನಡುಗಿಸಿದಾಗ ಜನರು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಸರಿದರು. ಅಲ್ಲಿ ಮನೆಯ ಸುತ್ತ ಕಾಂಪೌಂಡು ಬಂದಿತು, ಗಾಳಿ ಬೆಳಕು ಬಂದವು, ಅಂಗಡಿಯು ಮನೆಯನ್ನು ಬಿಟ್ಟು ಬೇರೆ ಬೀದಿಗೆ ಹೋಯಿತು. ಮಧ್ಯಮವರ್ಗದ ಕನ್ನಡಿಗನ ಕಲ್ಪನೆಯಲ್ಲಿ ಒಳ್ಳೆಯ ಮನೆಯೆಂದರೆ ಅಂಗಡಿಯಿಲ್ಲದ ಮನೆ ಎಂಬ ಭಾವನೆ ನೆಲೆಗೊಳ್ಳುವುದಕ್ಕೆ ಈ ಬಡಾವಣೆಗಳೂ ಒಂದು ಕಾರಣವೆಂದು ನನ್ನ ಎಣಿಕೆ. ಸಣ್ಣ ಊರುಗಳಿಗೆ ಆ ಭಾವನೆ ತಡವಾಗಿ ತಲಪಿತು. ತಲಪಿದಾಗ ಇತರ ಕಾರಣಗಳೂ ಅದಕ್ಕೆ ಸಹಾಯಕವಾದವು.

ಮೊದಲನೆಯದು ಪಾಲು. ಹದಿನೆಂಟು ಅಡಿ ಅಗಲದ ಮನೆಯನ್ನು ಇಬ್ಬರು ಅಣ್ಣತಮ್ಮಂದಿರು ಹಂಚಿಕೊಂಡಾಗ ಇಬ್ಬರಿಗೂ ಬೀದಿಯ ಮುಖ ಬೇಕು. ಆದುದರಿಂದ ಗೋಡೆಯು ಅಡ್ಡಡ್ಡಲಾಗಿ ಏಳುವುದಿಲ್ಲ, ಬೀದಿಯಿಂದ ಹಿತ್ತಿಲವರೆಗೆ ಉದ್ದುದ್ದಲಾಗಿ ಏಳುತ್ತದೆ, ತೊಟ್ಟಿಯನ್ನೂ ನಡುವೆ ಸೀಳಿಕೊಂಡು. ಒಂಬತ್ತು ಅಡಿಯ ಮನೆಯಲ್ಲಿ ಸಂಸಾರ ಸಾಗದು, ಅಂಗಡಿ ಸಾಗೀತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಕುಟುಂಬವು ಹೊಸ ಬಡಾವಣೆಗೆ ಹೋಗಿರುತ್ತದೆ, ಪೇಟೆಬೀದಿಯಲ್ಲಿ ಉಳಿಯುವುದು ಎರಡು ಷಟರು ಮತ್ತು ಎರಡು ಬಾಡಿಗೆ. ಎರಡನೆಯದು ಸಗಟು ವ್ಯಾಪಾರದ ಸ್ಥಳಾಂತರ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ಧಾನ್ಯದ ವ್ಯವಹಾರವನ್ನು ಮಾರುಕಟ್ಟೆಯ ಪ್ರಾಂಗಣಗಳಿಗೆ ಕರೆದೊಯ್ದಿತು. ರೈತನ ಮೇಲಿನ ತೂಕದ ಮೋಸ ತಪ್ಪಲೆಂಬ ಅದರ ಉದ್ದೇಶ ಒಳ್ಳೆಯದೇ. ಆದರೆ ಅಟ್ಟ, ಹಗೇವು, ಹಿಂಬೀದಿಯ ಗಾಡಿನಿಲ್ದಾಣಗಳಿಗೆ ಇನ್ನು ಕೆಲಸವಿಲ್ಲವಾಯಿತು. ಮೂರನೆಯದು ರಸ್ತೆಯ ಅಗಲೀಕರಣ. ಸುಣ್ಣದ ಗೆರೆ ಎಳೆದು, ಇಷ್ಟು ಅಡಿ ಬಿಡಬೇಕೆಂದು ಗುರುತು ಮಾಡಿದರೆ ಮೊದಲು ಹೋಗುವುದು ಜಗುಲಿ, ಕಂಬಸಾಲು, ಮುಂಬಾಗಿಲು. ಅಂದರೆ ಆ ಮನೆಯ ಯಾವ ಭಾಗದ ಮೇಲೆ ಹಿರಿಯರು ಹೆಚ್ಚಿನ ಹಣವನ್ನೂ ಕುಸುರಿಯನ್ನೂ ವೆಚ್ಚಮಾಡಿದ್ದರೋ ಅದೇ ಭಾಗ. ಮುಖ ಕಳೆದುಕೊಂಡ ಮನೆಯು ಗಾಜು ಮತ್ತು ಅಲ್ಯೂಮಿನಿಯಂ ಹಲಗೆಯ ಹೊಸ ಮುಖವೊಂದನ್ನು ಧರಿಸಿ ನಿಲ್ಲುತ್ತದೆ. ಅದರ ಹಿಂದೆ ಹಳೆಯ ತೊಲೆಗಳು ಇನ್ನೂ ಇವೆಯೆಂಬುದು ಒಳಹೊಕ್ಕವರಿಗೆ ಮಾತ್ರ ಗೊತ್ತು.

ಕೆಡವಿದ ಮನೆಯ ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಹಳೆಯ ಮರಮುಟ್ಟಿನ ವ್ಯಾಪಾರಿಯು ಬಾಗಿಲುವಾಡ, ಕಂಬ, ಬೋದಿಗೆ, ತೇಗದ ತೊಲೆಗಳನ್ನು ಒಟ್ಟು ಇಷ್ಟಕ್ಕೆಂದು ಮಾತನಾಡಿ ಒಯ್ಯುತ್ತಾನೆ. ಅವು ಎಣ್ಣೆ ತಿಂದು ಹೊಳೆದು ನಗರದ ಉಪಾಹಾರಗೃಹಗಳಲ್ಲೂ ವಿಹಾರಧಾಮಗಳಲ್ಲೂ ಪ್ರತ್ಯಕ್ಷವಾಗುತ್ತವೆ. ತಮಿಳುನಾಡಿನ ಚೆಟ್ಟಿನಾಡಿನಲ್ಲಂತೂ, ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಲ್ಲಿ, ಕಳಚಿದ ಶ್ರೀಮಂತ ಗೃಹಗಳ ಅಂಗಾಂಗಗಳೇ ಮಾರಾಟದ ಸರಕು. ವ್ಯಾಪಾರಕ್ಕಾಗಿ ಕಟ್ಟಿದ ಮನೆಯು ಕೊನೆಗೆ ತಾನೇ ವ್ಯಾಪಾರದ ವಸ್ತುವಾಗುವ ಈ ಪರಿಣಾಮವನ್ನು ಕಟ್ಟಿದ ಶೆಟ್ಟರಾಗಲಿ ಬಡಗಿಯಾಗಲಿ ಊಹಿಸಿರಲಾರರು.

ಇನ್ನು ಅಮೆರಿಕದ ಕಡೆ ತಿರುಗೋಣ. ಏಕೆಂದರೆ ಈ ಸಮಸ್ಯೆಯನ್ನು ಕುರಿತು ಮಾತು ಬಂದಾಗಲೆಲ್ಲ ವಿದ್ಯಾವಂತರು ಆ ದೇಶದ ಸಣ್ಣ ಊರುಗಳ ಉದಾಹರಣೆಯನ್ನು ಮುಂದಿಡುತ್ತಾರೆ. ಅಲ್ಲಿಯ ಪ್ರತಿಯೊಂದು ಸಣ್ಣ ಪಟ್ಟಣಕ್ಕೂ ಮೇಯ್ನ್ ಸ್ಟ್ರೀಟ್ ಎಂಬ ಒಂದು ಪೇಟೆಬೀದಿ. ಕೆಳಗೆ ಅಂಗಡಿ, ಮೇಲೆ ವಾಸ ಎಂಬುದು ಅಲ್ಲಿಯೂ ಹಳೆಯ ಪದ್ಧತಿಯೇ. 1926ರಲ್ಲಿ ಒಹೈಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅವರ ಸರ್ವೋಚ್ಚ ನ್ಯಾಯಾಲಯವು ವಸತಿಗೆ ಒಂದು ವಲಯ, ವಾಣಿಜ್ಯಕ್ಕೆ ಇನ್ನೊಂದು ವಲಯ ಎಂದು ವಿಂಗಡಿಸುವ ಅಧಿಕಾರವನ್ನು ಎತ್ತಿಹಿಡಿದ ಮೇಲೆ ಮನೆ ಅಂಗಡಿಗಳ ವಿಚ್ಛೇದನಕ್ಕೆ ಶಾಸನದ ಬಲ ದೊರೆಯಿತು. 1956ರಲ್ಲಿ ಎರಡು ಘಟನೆಗಳು ಜೊತೆಜೊತೆಯಾಗಿ ನಡೆದವು: ದೇಶದುದ್ದಗಲಕ್ಕೂ 41,000 ಮೈಲಿಗಳ ಹೆದ್ದಾರಿಗಳನ್ನು ಹಾಸುವ ಕಾಯಿದೆಯಾಯಿತು, ಮಿನೆಸೋಟದ ಈಡೈನದಲ್ಲಿ ಸೌತ್‌ಡೇಲ್ ಎಂಬ, ಪೂರ್ತಿಯಾಗಿ ಚಾವಣಿ ಹೊದಿಸಿದ ಮಾಲ್ ತೆರೆಯಿತು. 1962ರಲ್ಲಿ ಆರ್ಕನ್ಸಾದ ರಾಜರ್ಸ್ ಎಂಬ ಸಣ್ಣ ಊರಿನಲ್ಲಿ ಸ್ಯಾಮ್ ವಾಲ್ಟನ್ ಮೊದಲ ವಾಲ್‌ಮಾರ್ಟನ್ನು ಆರಂಭಿಸಿದನು. ಗಿರಾಕಿಯು ಕಾರನ್ನೇರಿ ಊರ ಹೊರಗಿನ ದೊಡ್ಡ ಅಂಗಡಿಗೆ ಹೊರಟುಹೋದ. ಮೇಯ್ನ್ ಸ್ಟ್ರೀಟಿನ ಗಾಜಿನ ಕಿಟಕಿಗಳ ಹಿಂದೆ ಧೂಳು ತುಂಬಿತು.

ಅದಕ್ಕೆ ಪರಿಹಾರವಾಗಿ ಅಲ್ಲಿಯ ಸಂರಕ್ಷಣಾಸಕ್ತರ ರಾಷ್ಟ್ರೀಯ ಸಂಸ್ಥೆಯೊಂದು 1977ರಲ್ಲಿ ಮೂರು ಊರುಗಳನ್ನು ಪ್ರಯೋಗಕ್ಕೆ ಆರಿಸಿಕೊಂಡಿತು: ಇಲಿನಾಯದ ಗೇಲ್ಸ್‌ಬರ್ಗ್, ಇಂಡಿಯಾನದ ಮ್ಯಾಡಿಸನ್, ದಕ್ಷಿಣ ಡಕೋಟದ ಹಾಟ್ ಸ್ಪ್ರಿಂಗ್ಸ್. ಕಟ್ಟಡಗಳ ಹಳೆಯ ಮುಖವನ್ನು ಬಿಡಿಸಿ ಸರಿಪಡಿಸುವುದು, ವರ್ತಕರನ್ನು ಒಂದುಗೂಡಿಸುವುದು, ಬರಿದಾದ ಅಂಗಡಿಗಳಿಗೆ ಬಾಡಿಗೆದಾರರನ್ನು ಹುಡುಕುವುದು, ಹಬ್ಬ ಸಂತೆಗಳನ್ನು ಏರ್ಪಡಿಸುವುದು, ಇವೆಲ್ಲಕ್ಕೂ ಊರಿಗೊಬ್ಬ ಪೂರ್ಣಾವಧಿಯ ವ್ಯವಸ್ಥಾಪಕನನ್ನು ನೇಮಿಸುವುದು ಅವರ ಕ್ರಮ. ಪ್ರಯೋಗವು ಫಲಿಸಿ, 1980ರಿಂದ ಅದೊಂದು ಸ್ಥಿರ ಸಂಸ್ಥೆಯೇ ಆಯಿತು. ಈ ಮೂರರಲ್ಲಿ ಮ್ಯಾಡಿಸನ್ನಿನ ಕಥೆ ನಮಗೆ ವಿಶೇಷವಾಗಿ ಹತ್ತಿರದ್ದು. ಒಹೈಯೊ ನದಿಯ ದಂಡೆಯ ಈ ಊರು ಹಬೆದೋಣಿಗಳ ಕಾಲದಲ್ಲಿ ಸಿರಿವಂತವಾಗಿತ್ತು. ಲಾನಿಯರ್ ಎಂಬ ಸಾಹುಕಾರನು 1844ರಲ್ಲಿ ಮುಗಿಸಿದ ಭವನವು ಇಂದಿಗೂ ನದಿಗೆ ಮುಖಮಾಡಿ ನಿಂತಿದೆ. ಸರಕು ಸಾಗಣೆಯು ನದಿಯನ್ನು ಬಿಟ್ಟು ರೈಲನ್ನು ಹಿಡಿದಾಗ ವ್ಯಾಪಾರವು ಬೇರೆ ನಗರಗಳ ಪಾಲಾಯಿತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಹಣ ಯಾರಲ್ಲೂ ಉಳಿಯದಿದ್ದುದರಿಂದಲೇ ಅಲ್ಲಿಯ ಬೀದಿಗಳು ಉಳಿದವು. 2006ರಲ್ಲಿ ಆ ಊರಿನ 133 ಚೌಕಗಳನ್ನು ರಾಷ್ಟ್ರೀಯ ಮಹತ್ವದ ಐತಿಹಾಸಿಕ ಪ್ರದೇಶವೆಂದು ಸಾರಲಾಯಿತು. ದಾರಿದ್ರ್ಯವೂ ಒಮ್ಮೊಮ್ಮೆ ಒಳ್ಳೆಯ ಕಾವಲುಗಾರ.

ಅಮೆರಿಕದ ಪಾಠವನ್ನು ನಾವು ಯಥಾವತ್ತಾಗಿ ಒಪ್ಪಿಕೊಳ್ಳಲಾಗದಿರುವುದಕ್ಕೆ ಕಾರಣ ಇಲ್ಲಿಯೇ ಇದೆ. ಅಲ್ಲಿ ಪೇಟೆಬೀದಿಯು ಗಿರಾಕಿಗಳಿಲ್ಲದೆ ಸೊರಗಿತು. ನಮ್ಮಲ್ಲಿ ಅದು ಗಿರಾಕಿಗಳ ನೂಕುನುಗ್ಗಲಿನಿಂದಲೇ ನಾಶವಾಗುತ್ತಿದೆ. ನೆಲಮಂಗಲದ ಸುತ್ತ ಮಹಾನಗರದ ಸರಕನ್ನೆಲ್ಲ ತುಂಬುವ ಗೋದಾಮುಗಳು ಎದ್ದಿವೆ, ಮೊಬೈಲಿನಲ್ಲಿ ಬೆರಳೊತ್ತಿದರೆ ಮನೆಬಾಗಿಲಿಗೆ ಸಾಮಾನು ಬರುತ್ತದೆ. ಹಾಗಿದ್ದೂ ಪೇಟೆಬೀದಿಯಲ್ಲಿ ಖಾಲಿ ಬಿದ್ದ ಅಂಗಡಿಯನ್ನು ಹುಡುಕಬೇಕಾದರೆ ಶ್ರಮಪಡಬೇಕು. ಬರಿದಾಗಿರುವುದು ಅಂಗಡಿಯ ಹಿಂದಿನ ಮನೆ. ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು, ದೇವರ ಗೂಡಿನಲ್ಲಿ ವಿದ್ಯುತ್ ಮೀಟರು. ಆದುದರಿಂದ ಹಳೆಯ ಮನೆಗಳಿಗೆ ಅಂಗಡಿಗಳನ್ನು ಕರೆತರುವ ಅಮೆರಿಕದ ಉಪಾಯಕ್ಕೆ ಇಲ್ಲಿ ಕೆಲಸವಿಲ್ಲ. ಅಂಗಡಿಯು ಮನೆಯನ್ನು ನುಂಗದಂತೆ ತಡೆಯುವ ಬಗೆ ಬೇಕಾಗಿದೆ.

ನಮ್ಮ ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆಂದೇ ಹೇಳಬೇಕು. ದೇವನಹಳ್ಳಿಯ ಕೋಟೆ ಮತ್ತು ಅದರ ಬಳಿಯ ಟಿಪ್ಪುವಿನ ಜನ್ಮಸ್ಥಳ ಸಂರಕ್ಷಿತ ಸ್ಮಾರಕಗಳು. ಅಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧವೆಂದು ಸ್ಮಾರಕಗಳ ಕಾಯಿದೆಯ 2010ರ ತಿದ್ದುಪಡಿ ಹೇಳುತ್ತದೆ. ಅರಸನಿಗೆ, ದೇವರಿಗೆ, ಸೇನೆಗೆ ಸಂಬಂಧಿಸಿದ ಕಲ್ಲಿಗೆ ರಕ್ಷಣೆಯುಂಟು. ಉಪ್ಪು ಬೆಲ್ಲ ಮಾರಿದವನ ಮನೆಗೆ ಇಲ್ಲ. ದೊಡ್ಡಬಳ್ಳಾಪುರದ ನೇಕಾರರ ಕೇರಿಗಳ ಹಳೆಯ ಮನೆಗಳಿಗೂ ಇದೇ ಗತಿ. ಮಗ್ಗಕ್ಕೂ ಮಲಗುವುದಕ್ಕೂ ಒಂದೇ ಅಂಕಣವಾಗಿದ್ದ ಆ ಮನೆಗಳು ನಮ್ಮ ಕೈಗಾರಿಕೆಯ ಚರಿತ್ರೆಗೆ ಸಾಕ್ಷಿಗಳಾದರೂ ಯಾವ ಪಟ್ಟಿಯಲ್ಲಿಯೂ ಅವಕ್ಕೆ ಸ್ಥಾನವಿಲ್ಲ. ಇನ್ನು ಸಂರಕ್ಷಣೆಯು ಅತಿಯಾದರೆ ಏನಾಗುವುದೆಂಬುದಕ್ಕೆ ಹಂಪಿಯು ನಿದರ್ಶನ. ವಿರೂಪಾಕ್ಷನ ಎದುರಿನ ರಥಬೀದಿಯ ಕಲ್ಲುಮಂಟಪಗಳನ್ನು ಆಶ್ರಯಿಸಿ ಅಂಗಡಿಯಿಟ್ಟು ಸಂಸಾರ ನಡೆಸುತ್ತಿದ್ದ ಕುಟುಂಬಗಳನ್ನು 2011ರ ಜುಲೈ ಕೊನೆಯಲ್ಲಿ ಎಬ್ಬಿಸಲಾಯಿತು. ಮಂಟಪಗಳಿಗೆ ಅವರಿಂದ ಹಾನಿಯಾಗುತ್ತಿದ್ದುದು ಸುಳ್ಳಲ್ಲ. ಆದರೆ ವಿಜಯನಗರದ ಕಾಲದಲ್ಲಿ ಬಜಾರೆಂದು ಪ್ರಸಿದ್ಧವಾದ ಬೀದಿಯಲ್ಲಿ ಇಂದು ಬಜಾರಿಲ್ಲ; ಹೀಗೆ ಉಳಿದದ್ದನ್ನು ಉಳಿಯಿತೆನ್ನಲು ನನಗೆ ಮನಸ್ಸು ಬಾರದು.

ಹಾಗಾದರೆ ಪೇಟೆಬೀದಿಯ ಮನೆಯೊಡೆಯನಿಗೆ ಯಾವ ಹಿತವನ್ನು ತೋರಿಸಿ ಉಳಿಸಿಕೋ ಎಂದು ಹೇಳುವುದು? ಅವನ ಸೊಸೆಗೆ ಬೆಳಕಿರುವ ಅಡಿಗೆಯ ಮನೆ ಬೇಕು, ಮಗನಿಗೆ ಕಾರು ನಿಲ್ಲಿಸುವ ಜಾಗ ಬೇಕು. ಇವು ನ್ಯಾಯವಾದ ಬೇಡಿಕೆಗಳು, ಪರಂಪರೆಯ ಉಪನ್ಯಾಸದಿಂದ ಇವು ಶಮನವಾಗುವುದಿಲ್ಲ. ಅಮೆರಿಕದವರು ಇಲ್ಲಿ ವ್ಯವಹಾರಜ್ಞಾನವನ್ನು ತೋರಿಸಿದ್ದಾರೆ: ಐತಿಹಾಸಿಕವೆಂದು ದಾಖಲಾದ ಕಟ್ಟಡವನ್ನು ನಿಯಮಾನುಸಾರ ದುರಸ್ತಿಮಾಡಿದವನಿಗೆ ವೆಚ್ಚದ ಶೇಕಡ 20ರಷ್ಟನ್ನು ಆದಾಯತೆರಿಗೆಯಲ್ಲಿ ಬಿಡುತ್ತಾರೆ, ಅದೂ ಒಡೆಯನು ತಾನು ವಾಸಿಸುವ ಮನೆಗಲ್ಲ, ಅಂಗಡಿಯಿಂದಲೋ ಬಾಡಿಗೆಯಿಂದಲೋ ಆದಾಯ ತರುವ ಕಟ್ಟಡಕ್ಕೆ ಮಾತ್ರ. ನಮ್ಮ ನಗರಸಭೆಗೆ ಆದಾಯತೆರಿಗೆಯ ಮೇಲೆ ಅಧಿಕಾರವಿಲ್ಲದಿದ್ದರೂ ಆಸ್ತಿಯ ಕಂದಾಯವನ್ನು ಅದೇ ವಸೂಲು ಮಾಡುತ್ತದೆ. ಜಗುಲಿಯನ್ನೂ ಕಂಬಸಾಲನ್ನೂ ಕೆಡಿಸದೆ, ಹಿಂದಿನ ಭಾಗದಲ್ಲಿ ಒಂದು ಸಂಸಾರವಾದರೂ ವಾಸಿಸುವಂತೆ ಇಟ್ಟುಕೊಂಡ ಮನೆಗೆ ಆ ಕಂದಾಯದಲ್ಲಿ ರಿಯಾಯಿತಿ ಕೊಡುವಂತೆ ರಾಜ್ಯ ಸರ್ಕಾರವು ನಿಯಮಮಾಡಿದರೆ ಬೊಕ್ಕಸಕ್ಕೆ ಆಗುವ ನಷ್ಟ ಅತ್ಯಲ್ಪ. ಹಿಂಭಾಗವನ್ನು ತೆರೆದು, ಗವಾಕ್ಷಿಗಳನ್ನು ಹಿಗ್ಗಿಸಿ, ಅಡಿಗೆಯ ಮನೆಗೂ ಸ್ನಾನದ ಮನೆಗೂ ಹೊಸ ರೂಪ ಕೊಡುವುದಕ್ಕೆ ಯಾವ ಅಡ್ಡಿಯೂ ಇರಬಾರದು.

ರಸ್ತೆಯನ್ನು ಅಗಲಮಾಡುವ ಮಾತು ನೆಲಮಂಗಲದ ಮಟ್ಟಿಗೆ ಹುರುಳಿಲ್ಲದ್ದು. ತುಮಕೂರಿಗೂ ಮಂಗಳೂರಿಗೂ ಹೋಗುವ ಲಾರಿಗಳನ್ನು ಹೆದ್ದಾರಿಯು ಆಗಲೇ ಊರಿನ ಹೊರಗೆ ಒಯ್ದಿದೆ. ಪೇಟೆಬೀದಿಗೆ ಬರುವವರು ಸೊಪ್ಪು, ಸೀರೆ, ಬಳೆ, ಔಷಧಿಗಳಿಗಾಗಿ ಬರುವ ಸುತ್ತಮುತ್ತಣ ಹಳ್ಳಿಯವರು, ನಡೆದು ಬರುವವರು. ಅವರಿಗೆ ಬೇಕಾದ್ದು ನೆರಳು ಮತ್ತು ಕುಳಿತುಕೊಳ್ಳಲು ಒಂದಿಷ್ಟು ಜಾಗ; ಅದನ್ನು ಒದಗಿಸುತ್ತಿದ್ದ ಜಗುಲಿಯನ್ನು ಒಡೆದು, ಅವರು ತರದ ವಾಹನಕ್ಕೆ ದಾರಿ ಬಿಡುವುದು ಯಾವ ಲೆಕ್ಕಾಚಾರ? ಇದಕ್ಕಿಂತಲೂ ಕಠಿಣವಾದದ್ದು ಪಾಲಿನ ಪ್ರಶ್ನೆ, ಏಕೆಂದರೆ ಅದು ಸರ್ಕಾರದ ಕೈಯಲ್ಲಿಲ್ಲ, ಅಣ್ಣತಮ್ಮಂದಿರ ಕೈಯಲ್ಲಿದೆ. ಗೋಡೆಯನ್ನು ಹಂಚಿಕೊಳ್ಳದೆ ಮನೆಯನ್ನು ಜಂಟಿಯಾಗಿಟ್ಟು, ಮುಂದಿನ ಅಂಗಡಿಯ ಬಾಡಿಗೆಯನ್ನೂ ಹಿಂದಿನ ವಾಸದ ಬಾಡಿಗೆಯನ್ನೂ ಹಂಚಿಕೊಳ್ಳುವ ಪತ್ರವನ್ನು ಬರೆದು ನೋಂದಣಿ ಮಾಡಿಸಲು ಇಂದಿನ ಕಾನೂನಿನಲ್ಲಿಯೂ ಅಡ್ಡಿಯಿಲ್ಲ. ವಕೀಲರು ಆ ಬಗೆಯ ಪತ್ರವನ್ನು ತಾವಾಗಿ ಸೂಚಿಸುವುದಿಲ್ಲವೆಂಬುದು ಬೇರೆ ಮಾತು, ಏಕೆಂದರೆ ಗೋಡೆಯೆದ್ದ ಮನೆಯಲ್ಲಿಯೇ ವ್ಯಾಜ್ಯಗಳು ಹೆಚ್ಚು.